ಸೈನಿಕ ವಿಮಾನಗಳಲ್ಲಿ ಚಾಲಕನ ಪ್ರಾಣರಕ್ಷಣೆ

ಹೆಲಿಕಾಪ್ಟರು ಆಕಾಶದಲ್ಲಿರುವಾಗ ಅದರ ಎಂಜಿನು ನಿಂತುಹೋದರೆ ಅದು ಕಲ್ಲಿನಂತೆ ನೆಲಕ್ಕೆ ಬೀಳುವುದೆಂದು ಸಾಮಾನ್ಯವಾಗಿ ಎಲ್ಲರೂ ನಂಬಿರುತ್ತಾರೆ. ವಿಮಾನಕ್ಕಾದರೋ ಚಾಚಿದ ರೆಕ್ಕೆಗಳಿವೆ. ಎಂಜಿನು ನಿಂತರೂ ಅದು ಹದ್ದಿನಂತೆ ಗಾಳಿಯ ಮೇಲೆ ತೇಲಿಕೊಂಡು ಸ್ವಲ್ಪ ದೂರವಾದರೂ ಹೋಗಬಲ್ಲದು. ಹೆಲಿಕಾಪ್ಟರಿಗೆ ಅಂಥ ಆಸರೆ ಎಲ್ಲಿದೆ, ಎಂಬುದು ಈ ನಂಬಿಕೆಗೆ ಆಧಾರ. ವಸ್ತುಸ್ಥಿತಿಯು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿದೆ. ವೇಗವಾಗಿ ಹಾರುವ ಯುದ್ಧವಿಮಾನದ ಚಾಲಕನು ಆಪತ್ಕಾಲದಲ್ಲಿ ವಿಮಾನವನ್ನು ಬಿಟ್ಟು ಹೊರಕ್ಕೆ ಚಿಮ್ಮಿದರೆ ಬದುಕುತ್ತಾನೆ; ಹೆಲಿಕಾಪ್ಟರಿನ ಚಾಲಕನು ಅದನ್ನು ಬಿಡದೆ ಕೈಯಲ್ಲಿ ಹಿಡಿದುಕೊಂಡು ನೆಲದವರೆಗೂ ತಂದರೆ ಬದುಕುತ್ತಾನೆ. ಈ ಒಂದು ಭೇದದಿಂದಲೇ ಎರಡು ಬಗೆಯ ಯಂತ್ರಗಳ ರಚನೆಯೂ ಅವುಗಳ ಚಾಲಕರು ಪಡೆಯುವ ಶಿಕ್ಷಣವೂ ಬೇರೆ ಬೇರೆ ದಾರಿಗಳನ್ನು ಹಿಡಿದಿವೆ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ಈ ಎರಡು ಬಗೆಯ ಯಂತ್ರಗಳನ್ನೂ ತಯಾರಿಸುತ್ತಿರುವುದರಿಂದ ಈ ವಿಷಯವು ನಮಗೆ ದೂರದ್ದೇನೂ ಅಲ್ಲ.

ಮೊದಲು ಹೆಸರಿನ ಮಾತು. ‘ಹೆಲಿಕಾಪ್ಟರ್’ ಎಂಬುದನ್ನು ಇಂದಿನ ಜನರು ‘ಹೆಲಿ’ ಎಂದೂ ‘ಕಾಪ್ಟರ್’ ಎಂದೂ ಒಡೆದು, ಒಂದು ತುಂಡಿನಿಂದ ‘ಹೆಲಿಪ್ಯಾಡು’ ಮುಂತಾದ ಪದಗಳನ್ನು ಕಟ್ಟಿಕೊಂಡಿದ್ದಾರೆ. ಪದಚ್ಛೇದವು ಹಾಗಲ್ಲ. 1861ರಲ್ಲಿ ಫ್ರೆಂಚ್ ದೇಶದ ಪೋಂತೋಂ ದಾಮೆಕೂರ್ ಎಂಬಾತನು ಗ್ರೀಕಿನ ‘ಹೆಲಿಕ್’ (ಸುರುಳಿ) ಮತ್ತು ‘ಪ್ತೆರೋನ್’ (ರೆಕ್ಕೆ) ಎಂಬ ಎರಡನ್ನು ಸೇರಿಸಿ ಈ ಸಮಾಸವನ್ನು ಮಾಡಿದನು. ಆದುದರಿಂದ ಅದರ ಅರ್ಥ ‘ಸುರುಳಿರೆಕ್ಕೆ’ ಎಂದಾಗುತ್ತದೆ. ಈ ‘ಪ್ತೆರೋನ್’ ಶಬ್ದವೂ ನಮ್ಮ ‘ಪತತ್ರ’ ಶಬ್ದವೂ ಒಂದೇ ಮೂಲದವು. ಸಂಸ್ಕೃತದಲ್ಲಿ ‘ಪತ್’ ಧಾತುವಿಗೆ ಹಾರು ಎಂಬ ಅರ್ಥವೂ ಉಂಟು, ಬೀಳು ಎಂಬ ಅರ್ಥವೂ ಉಂಟು. ಪತತ್ರಿಯೆಂದರೆ ಹಕ್ಕಿ, ಪತನವೆಂದರೆ ಬೀಳುವಿಕೆ. ಒಂದೇ ಧಾತುವಿನಲ್ಲಿ ಈ ಎರಡು ಅರ್ಥಗಳು ಹೇಗೆ ಕೂಡಿ ನಿಂತವೆಂದು ವಿದ್ಯಾರ್ಥಿಗಳು ಕೇಳುವುದುಂಟು. ಎಂಜಿನು ನಿಂತ ಹೆಲಿಕಾಪ್ಟರು ಇಳಿಯುವ ಬಗೆಯನ್ನು ತಿಳಿದವರಿಗೆ ಇದರಲ್ಲಿ ಆಶ್ಚರ್ಯ ತೋರದು.

ಅದು ಹೇಗೆಂಬುದನ್ನು ನೋಡೋಣ. ಹೆಲಿಕಾಪ್ಟರಿನ ನೆತ್ತಿಯ ಮೇಲೆ ತಿರುಗುವ ಅಲಗುಗಳ ಚಕ್ರಕ್ಕೆ ರೋಟರು ಎಂದು ಹೆಸರು. ಒಂದೊಂದು ಅಲಗೂ ವಿಮಾನದ ರೆಕ್ಕೆಯ ಆಕಾರದ್ದೇ. ವಿಮಾನವು ತಾನು ಮುಂದೆ ಓಡಿ ರೆಕ್ಕೆಗೆ ಗಾಳಿಯನ್ನು ಒದಗಿಸಿದರೆ, ಇದು ರೆಕ್ಕೆಯನ್ನೇ ತಿರುಗಿಸಿ ಗಾಳಿಯನ್ನು ಸಂಪಾದಿಸುತ್ತದೆ. ಚಾಲಕನ ಎಡಗೈಯಲ್ಲಿ ಒಂದು ಸನ್ನೆಕೋಲಿರುತ್ತದೆ. ಅದನ್ನು ಮೇಲೆತ್ತಿದರೆ ಎಲ್ಲ ಅಲಗುಗಳ ಓರೆಯೂ ಒಟ್ಟಿಗೆ ಹೆಚ್ಚಿ ಯಂತ್ರವು ಏರುತ್ತದೆ; ಇಳಿಸಿದರೆ ಓರೆಯು ಕಡಮೆಯಾಗಿ ಯಂತ್ರವು ಇಳಿಯುತ್ತದೆ. ಬಲಗೈಯ ಕೋಲು ರೋಟರನ್ನು ಬೇಕಾದ ದಿಕ್ಕಿಗೆ ವಾಲಿಸುತ್ತದೆ. ರೋಟರು ಒಂದು ಕಡೆಗೆ ತಿರುಗಿದರೆ ಒಡಲು ಮತ್ತೊಂದು ಕಡೆಗೆ ತಿರುಗಲು ಹವಣಿಸುವುದಷ್ಟೆ. ಅದನ್ನು ತಡೆಯುವುದಕ್ಕೆ ಬಾಲದಲ್ಲಿ ಇನ್ನೊಂದು ಚಿಕ್ಕ ರೋಟರು ಉಂಟು. ಅದರ ಹತೋಟಿ ಚಾಲಕನ ಕಾಲುಗಳಲ್ಲಿದೆ. ಹೀಗೆ ಎರಡು ಕೈಗಳಿಗೂ ಎರಡು ಕಾಲುಗಳಿಗೂ ಬಿಡುವಿಲ್ಲದ ಕೆಲಸ.

ಎಂಜಿನು ನಡೆಯುತ್ತಿರುವಾಗ ರೋಟರು ಮೇಲಿನ ಗಾಳಿಯನ್ನು ಎಳೆದು ಕೆಳಕ್ಕೆ ತಳ್ಳುತ್ತಿರುತ್ತದೆ. ಎಂಜಿನು ನಿಂತೊಡನೆ ಎರಡು ಕಾರ್ಯಗಳು ನಡೆಯಬೇಕು. ರೋಟರಿಗೂ ಎಂಜಿನಿಗೂ ಇರುವ ಸಂಬಂಧವು ಕಳಚಿಕೊಳ್ಳಬೇಕು. ಸೈಕಲ್ಲಿನ ಪೆಡಲನ್ನು ತುಳಿಯುವುದನ್ನು ನಿಲ್ಲಿಸಿದರೂ ಚಕ್ರವು ತಾನೇ ಉರುಳುತ್ತಿರುವುದಲ್ಲವೆ, ಅದೇ ತೆರನಾದ ಸಾಧನವೊಂದು ಈ ಕೆಲಸವನ್ನು ಮಾಡುತ್ತದೆ. ಎರಡನೆಯದು ಚಾಲಕನ ಪಾಲಿಗೆ ಬಂದದ್ದು. ಅವನು ಒಂದೆರಡು ಸೆಕೆಂಡುಗಳೊಳಗಾಗಿ ಎಡಗೈಯ ಸನ್ನೆಕೋಲನ್ನು ಪೂರ್ತಿಯಾಗಿ ಕೆಳಕ್ಕೆ ಒತ್ತಬೇಕು. ಬೀಳುತ್ತಿರುವವನಿಗೆ ಸನ್ನೆಯನ್ನು ಮೇಲೆತ್ತಬೇಕೆಂದೇ ಸಹಜವಾಗಿ ತೋರುವುದು. ಆದರೆ ಹಾಗೆ ಎತ್ತಿದರೆ ಅಲಗುಗಳ ಓರೆಯು ಹೆಚ್ಚಿ, ಗಾಳಿಯ ತಡೆಗೆ ರೋಟರಿನ ವೇಗವು ಕುಗ್ಗಿ, ಮತ್ತೆ ಏರದ ಮಟ್ಟಕ್ಕೆ ಇಳಿದುಬಿಡುತ್ತದೆ. ಮೇಲೇಳಬೇಕೆಂಬ ಬಯಕೆಯನ್ನು ಅದುಮಿ ಮೊದಲು ಬೀಳಲು ಒಪ್ಪುವುದೇ ಇಲ್ಲಿ ಶಿಕ್ಷಣದ ಸಾರ.

ಸನ್ನೆಯನ್ನು ಇಳಿಸಿದ ಮೇಲೆ ಯಂತ್ರವು ಕೆಳಕ್ಕೆ ಸಾಗುತ್ತದೆ. ಗಾಳಿಯು ಈಗ ಕೆಳಗಿನಿಂದ ಮೇಲಕ್ಕೆ ರೋಟರಿನ ಮೂಲಕ ಹಾಯುತ್ತದೆ. ಅಲಗಿನ ನಡುವಣ ಭಾಗದಲ್ಲಿ ಈ ಗಾಳಿಯು ಅಲಗನ್ನು ಮುಂದಕ್ಕೆ ನೂಕುತ್ತದೆ. ತುದಿಯ ಭಾಗವು ಆ ಬಲವನ್ನು ಖರ್ಚುಮಾಡಿ ಯಂತ್ರದ ಭಾರವನ್ನು ಹೊರುತ್ತದೆ. ಬುಡದ ಭಾಗದಿಂದ ಹೇಳತಕ್ಕ ಪ್ರಯೋಜನವಿಲ್ಲ. ಹೀಗೆ ಆದಾಯ ವ್ಯಯಗಳು ಸರಿದೂಗಿ ರೋಟರು ಎಂಜಿನಿನ ಹಂಗಿಲ್ಲದೆ ತಾನಾಗಿ ತಿರುಗುತ್ತದೆ. ಇದನ್ನು ಸ್ವಯಂಭ್ರಮಣವೆನ್ನಬಹುದು. ಬೆಂಗಳೂರಿನ ಬೀದಿಗಳಲ್ಲಿ ನೆಟ್ಟಿರುವ ಮಹಾಗನಿ ಮರದ ಕಾಯಿ ಬಿರಿದಾಗ, ಒಂದೇ ರೆಕ್ಕೆಯ ಬೀಜಗಳು ಗಿರಗಿರನೆ ಸುತ್ತುತ್ತ ನಿಧಾನವಾಗಿ ಇಳಿಯುವುದನ್ನು ವಾಚಕರು ನೋಡಿರಬಹುದು. ಅಲ್ಲಿ ನಡೆಯುವುದೂ ಇದೇ. ಸ್ವಯಂಭ್ರಮಣದಲ್ಲಿರುವ ರೋಟರು ಅದೇ ಅಗಲದ ಪ್ಯಾರಾಚೂಟು ತಡೆಯುವಷ್ಟೇ ಗಾಳಿಯನ್ನು ಹೆಚ್ಚುಕಡಮೆ ತಡೆಯುತ್ತದೆಂದು ಲೆಕ್ಕದಿಂದ ತಿಳಿದುಬರುತ್ತದೆ. ಮುಂದಕ್ಕೆ ಗಂಟೆಗೆ 110ರಿಂದ 130 ಕಿಲೋಮೀಟರು ವೇಗವಿರುವಂತೆ ನೋಡಿಕೊಂಡರೆ, ಇಳಿಯುವ ವೇಗವು ಸೆಕೆಂಡಿಗೆ ಎಂಟು ಹತ್ತು ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ.

ಆ ವೇಗದಲ್ಲಿ ನೆಲವನ್ನು ಮುಟ್ಟುವಂತಿಲ್ಲ. ಕುಂಬಾರನು ಕೋಲಿನಿಂದ ತಿಗರಿಯನ್ನು ತಿರುಗಿಸಿ ಕೋಲನ್ನು ಕೆಳಗಿಟ್ಟ ಮೇಲೂ ತಿಗರಿಯಲ್ಲಿ ಒಂದು ಮಡಕೆಗಾಗುವಷ್ಟು ವೇಗ ಉಳಿದಿರುತ್ತದೆ. ರೋಟರಿನಲ್ಲಿಯೂ ಹಾಗೆಯೇ ಒಂದು ಸಲಕ್ಕೆ ಸಾಲುವಷ್ಟು ಚೈತನ್ಯವು ಕೂಡಿರುತ್ತದೆ. ನೆಲವು ಹತ್ತಿರವಾಗುತ್ತಲೆ ಚಾಲಕನು ಮೂತಿಯನ್ನೆತ್ತಿ ಮುನ್ನಡೆಯನ್ನು ತಗ್ಗಿಸುತ್ತಾನೆ. ಆಗ ರೋಟರಿನ ವೇಗವು ಇನ್ನಷ್ಟು ಹೆಚ್ಚುತ್ತದೆ. ಬಳಿಕ ಯಂತ್ರವನ್ನು ಸಮಮಾಡಿ, ಕೊನೆಯ ಕೆಲವು ಅಡಿಗಳಲ್ಲಿ ಸನ್ನೆಕೋಲನ್ನು ಮೇಲೆತ್ತಿ, ಕೂಡಿಟ್ಟ ಚೈತನ್ಯವನ್ನೆಲ್ಲ ಒಮ್ಮೆಗೇ ವ್ಯಯಮಾಡಿ ಇಳಿಯುತ್ತಾನೆ. ಎರಡನೆಯ ಸಲಕ್ಕೆ ಏನೂ ಉಳಿದಿರುವುದಿಲ್ಲ.

ಈ ತತ್ತ್ವವು ಹೆಲಿಕಾಪ್ಟರಿಗಿಂತ ಹಳೆಯದು. ಸ್ಪೇಯ್ನ್ ದೇಶದ ಹ್ವಾನ್ ದೆ ಲಾ ಸಿಯೆರ್ವಾ ಎಂಬ ಎಂಜಿನಿಯರನು, ವಿಮಾನಗಳು ವೇಗ ಕುಗ್ಗಿದಾಗ ತಟ್ಟನೆ ಬಿದ್ದುಹೋಗುವುದನ್ನು ಕಂಡು ಅದಕ್ಕೆ ಪರಿಹಾರವಾಗಿ, ಸದಾ ಸ್ವಯಂಭ್ರಮಣದಲ್ಲಿಯೇ ಹಾರುವ ಆಟೋಜೈರೋ ಎಂಬ ಯಂತ್ರವನ್ನು ಕಟ್ಟಿದನು; ಅದು 1923ರ ಜನವರಿಯಲ್ಲಿ ಹಾರಿತು. ಸಿಕೋರ್ಸ್ಕಿಯ ಹೆಲಿಕಾಪ್ಟರು ಮೊದಲು ನೆಲಬಿಟ್ಟದ್ದು 1939ರಲ್ಲಿ. ಸುರಕ್ಷಿತವಾಗಿ ಇಳಿಯುವ ಯಂತ್ರವನ್ನು ಲೋಕಕ್ಕೆ ಕೊಟ್ಟ ಸಿಯೆರ್ವಾ 1936ರಲ್ಲಿ ಲಂಡನ್ನಿನ ಕ್ರಾಯ್ಡನ್ನಿನಲ್ಲಿ ಸಾಧಾರಣ ಪ್ರಯಾಣಿಕ ವಿಮಾನವೊಂದು ಹೊರಡುವಾಗ ಅಪಘಾತಕ್ಕೀಡಾಗಿ ಮಡಿದನು.

ಸ್ವಯಂಭ್ರಮಣದ ಶಕ್ತಿ ಎಷ್ಟೆಂಬುದಕ್ಕೆ 1972ರ ಜೂನ್ 21ರಂದು ಫ್ರಾನ್ಸಿನಲ್ಲಿ ನಡೆದ ಸಂಗತಿಯೇ ಸಾಕ್ಷಿ. ಜ್ಯಾಂ ಬುಲೆ ಎಂಬ ಪರೀಕ್ಷಾಚಾಲಕನು ‘ಲಾಮಾ’ ಎಂಬ ಒಂಟಿ ಎಂಜಿನಿನ ಹೆಲಿಕಾಪ್ಟರಿನಲ್ಲಿ 12,442 ಮೀಟರು ಎತ್ತರಕ್ಕೆ ಏರಿದನು. ಎವರೆಸ್ಟ್ ಶಿಖರವನ್ನೂ ಮೂರೂವರೆ ಸಾವಿರ ಮೀಟರುಗಳಷ್ಟು ಕೆಳಗೆ ಬಿಡುವ ಆ ಎತ್ತರದಲ್ಲಿ ಶಕ್ತಿಯನ್ನು ತಗ್ಗಿಸಿದೊಡನೆ ಎಂಜಿನು ಆರಿಹೋಯಿತು, ಮತ್ತೆ ಹೊತ್ತಿಕೊಳ್ಳಲಿಲ್ಲ. ಬುಲೆ ಅಲ್ಲಿಂದ ನೆಲದವರೆಗೂ ಎಂಜಿನಿಲ್ಲದೆಯೇ ಇಳಿದು ಕ್ಷೇಮವಾಗಿ ಹೊರಬಂದನು. ಈ ಲಾಮಾ ನಮಗೆ ಅಪರಿಚಿತವಲ್ಲ. ಭಾರತೀಯ ಸೇನೆಗೆ ಹಿಮಾಲಯದಲ್ಲಿ ಬೇಕಾಗಿದ್ದ ಯಂತ್ರದ ಲಕ್ಷಣಗಳನ್ನು ಅನುಸರಿಸಿಯೇ ಅದನ್ನು ರಚಿಸಲಾಯಿತು. 1969ರಲ್ಲಿ ಹಿಮಾಲಯದ ಪರೀಕ್ಷೆಯಲ್ಲಿ ಅದು 7,500 ಮೀಟರು ಎತ್ತರದಲ್ಲಿ ಇಳಿದು ಮತ್ತೆ ಏರಿತು. ಅನಂತರ ಬೆಂಗಳೂರಿನಲ್ಲಿ ‘ಚೀತಾ’ ಎಂಬ ಹೆಸರಿನಿಂದ ತಯಾರಾಗಿ ಸಿಯಾಚಿನ್ ಹಿಮನದಿಯ ಕಾವಲಿನವರಿಗೆ ಅನ್ನವನ್ನೂ ಔಷಧವನ್ನೂ ಒಯ್ದದ್ದು ಇದೇ ಯಂತ್ರ.

ಇಷ್ಟನ್ನು ಓದಿ ಹೆಲಿಕಾಪ್ಟರಿಗೆ ಎಂಜಿನಿನ ಚಿಂತೆಯೇ ಇಲ್ಲವೆಂದು ಭಾವಿಸಕೂಡದು. ಬುಲೆಯನ್ನು ಕಾಪಾಡಿದ್ದು ಅವನ ಕೈಚಳಕದಷ್ಟೇ ಅವನ ಕೆಳಗಿದ್ದ ಎತ್ತರ. ಎತ್ತರವಾಗಲಿ ಮುಂದಿನ ವೇಗವಾಗಲಿ ಎರಡರಲ್ಲೊಂದು ಚಾಲಕನ ಗಂಟಿನಲ್ಲಿರಬೇಕು. ಎರಡೂ ಇಲ್ಲದ ಒಂದು ಪ್ರದೇಶವುಂಟು: ಹತ್ತಿಪ್ಪತ್ತು ಅಡಿಗಳಿಂದ ಮೊದಲ್ಗೊಂಡು ಯಂತ್ರದ ಜಾತಿಗೆ ತಕ್ಕಂತೆ ನಾಲ್ಕೈದು ನೂರು ಅಡಿಗಳವರೆಗೆ, ನಿಂತಲ್ಲಿಯೇ ನಿಂತು ತೇಲುವ ಸ್ಥಿತಿ. ಅಲ್ಲಿ ಎಂಜಿನು ನಿಂತರೆ ಬೀಳುವ ದೂರವು ರೋಟರಿಗೆ ವೇಗ ಕೊಡಲು ಸಾಲದು, ಪೆಟ್ಟು ಕೊಡಲು ಸಾಲುವುದು. ಪ್ರತಿಯೊಂದು ಹೆಲಿಕಾಪ್ಟರಿನ ಕೈಪಿಡಿಯಲ್ಲಿಯೂ ಈ ಪ್ರದೇಶವನ್ನು ಒಂದು ನಕ್ಷೆಯಾಗಿ ಬರೆದಿರುತ್ತಾರೆ. ಚಾಲಕರು ಅದನ್ನು ಸತ್ತವನ ವಕ್ರರೇಖೆ ಎಂದು ಕರೆಯುತ್ತಾರೆ. ದುರ್ದೈವದ ಮಾತೆಂದರೆ, ಹೆಲಿಕಾಪ್ಟರಿನಿಂದ ಲೋಕಕ್ಕೆ ಆಗುವ ಅತಿ ದೊಡ್ಡ ಉಪಕಾರಗಳು ನಡೆಯುವುದು ಈ ರೇಖೆಯೊಳಗೇ. ಪ್ರವಾಹದಲ್ಲಿ ಸಿಕ್ಕಿದವರನ್ನು ಹಗ್ಗ ಇಳಿಬಿಟ್ಟು ಎತ್ತುವಾಗ ಯಂತ್ರವು ಅಲುಗದೆ ನಿಲ್ಲಬೇಕಲ್ಲವೆ? 1944ರ ಏಪ್ರಿಲಿನಲ್ಲಿ ಬರ್ಮಾದ ಕಾಡಿನಲ್ಲಿ, ಶತ್ರುಗಳ ನಡುವೆ ಸಿಕ್ಕಿಬಿದ್ದಿದ್ದ ಒಬ್ಬ ಚಾಲಕನನ್ನೂ ಮೂವರು ಗಾಯಾಳು ಸೈನಿಕರನ್ನೂ ಅಮೆರಿಕದ ಕಾರ್ಟರ್ ಹಾರ್ಮನ್ ಒಬ್ಬೊಬ್ಬರನ್ನಾಗಿ ಹೊತ್ತು ತಂದಂದಿನಿಂದ ಇಂದಿನವರೆಗೂ ಈ ಕೆಲಸದ ಅಪಾಯವು ತಪ್ಪಿಲ್ಲ. ಎರಡು ಎಂಜಿನುಗಳನ್ನಿಟ್ಟು ಅದನ್ನು ಬಹಳವಾಗಿ ತಗ್ಗಿಸಿದ್ದಾರೆ, ಅಷ್ಟೆ. ಗಾಳಿ ತೆಳುವಾದ ಹಿಮಾಲಯದಲ್ಲಿ ಒಂದು ಎಂಜಿನು ನಿಂತರೆ ಉಳಿದೊಂದು ಭಾರವನ್ನು ಹೊರಲಾರದೆ ಹೋಗುವುದೂ ಉಂಟು.

ಇನ್ನು ಯುದ್ಧವಿಮಾನದ ಕಡೆಗೆ ತಿರುಗೋಣ. ಇಲ್ಲಿ ಬಿಟ್ಟು ಹೊರಡುವುದೇ ದಾರಿ; ಆದರೆ ಹೊರಡುವುದು ಹೇಗೆ? ಗಂಟೆಗೆ 900 ಕಿಲೋಮೀಟರು ವೇಗದಲ್ಲಿ ಎದುರುಗಾಳಿಯು ಒಂದು ಚದರ ಮೀಟರಿನ ಮೇಲೆ ಸುಮಾರು ನಾಲ್ಕು ಟನ್ ಭಾರದಷ್ಟು ಒತ್ತುತ್ತದೆ. ಹಳೆಯ ವಿಮಾನಗಳಲ್ಲಿ ಚಾಲಕನು ಪೀಠದಿಂದ ಎದ್ದು ರೆಕ್ಕೆಯ ಮೇಲೆ ಕಾಲಿಟ್ಟು ಧುಮುಕುತ್ತಿದ್ದನು; ಜೆಟ್ ವಿಮಾನದಲ್ಲಿ ಏಳುವುದೇ ಅಸಾಧ್ಯ; ಎದ್ದರೂ ಬಾಲದ ರೆಕ್ಕೆಗೆ ಬಡಿಯುವನು. ಆದುದರಿಂದ ಮನುಷ್ಯನನ್ನು ಪೀಠಸಮೇತವಾಗಿ ಗುಂಡಿನಂತೆ ಹೊರಕ್ಕೆ ಹಾರಿಸುವ ಉಪಾಯವು ಹುಟ್ಟಿತು. 1942ರ ಜನವರಿ 13ರಂದು ಜರ್ಮನಿಯ ಹೆಲ್ಮುಟ್ ಶೆಂಕ್ ಎಂಬಾತನು ಹಿಮ ಕಟ್ಟಿ ಹಾರಲಾರದಂತಾದ ಹೈಂಕೆಲ್ ವಿಮಾನದಿಂದ ಇಂಥ ಪೀಠದ ಮೂಲಕ ಹೊರಬಿದ್ದು ಉಳಿದುಕೊಂಡನು. ಆಪತ್ತಿನಲ್ಲಿ ಇದನ್ನು ಉಪಯೋಗಿಸಿದವರಲ್ಲಿ ಇವನೇ ಮೊದಲಿಗ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಜೇಮ್ಸ್ ಮಾರ್ಟಿನ್ ತನ್ನ ಸಂಗಾತಿ ವ್ಯಾಲೆಂಟೈನ್ ಬೇಕರನನ್ನು ವಿಮಾನಪರೀಕ್ಷೆಯೊಂದರಲ್ಲಿ ಕಳೆದುಕೊಂಡನು. ಅಂದಿನಿಂದ ಚಾಲಕನ ರಕ್ಷಣೆಯ ಕಡೆಗೆ ಒಲಿದ ಅವನ ಮನಸ್ಸು ಈ ಪೀಠದ ಕೆಲಸಕ್ಕೆ ಮೀಸಲಾಯಿತು. ಇಬ್ಬರ ಹೆಸರನ್ನೂ ಹೊತ್ತ ಅವರ ಸಂಸ್ಥೆಯ ಪೀಠಗಳಿಂದ ಇದುವರೆಗೆ ಉಳಿದ ಪ್ರಾಣಗಳು 7,000ಕ್ಕೂ ಹೆಚ್ಚು. ನಮ್ಮ ತೇಜಸ್ ವಿಮಾನದಲ್ಲಿರುವುದೂ ಆ ಸಂಸ್ಥೆಯ ಪೀಠವೇ.

ಪೀಠದ ಹಿಡಿಯನ್ನು ಎಳೆದೊಡನೆ ಮೇಲಿನ ಗಾಜಿನ ಮುಚ್ಚಳವು ಕಳಚಿ ಹಾರುತ್ತದೆ, ಇಲ್ಲವೆ ಅದರಲ್ಲಿ ಹುದುಗಿಸಿದ ಮದ್ದಿನ ಎಳೆಯಿಂದ ಸಿಡಿದು ಚೂರಾಗುತ್ತದೆ. ಸಿಡಿಮದ್ದಿನ ಕೊಳವೆಯು ಪೀಠವನ್ನು ಹಳಿಯ ಮೇಲೆ ತಳ್ಳುತ್ತದೆ. ರಾಕೆಟ್ಟು ಅದನ್ನು ಇನ್ನೂ ಮೇಲಕ್ಕೊಯ್ಯುತ್ತದೆ. ಚಿಕ್ಕ ಪ್ಯಾರಾಚೂಟು ಬಿಚ್ಚಿ ಪೀಠವನ್ನು ನೆಟ್ಟಗೆ ನಿಲ್ಲಿಸುತ್ತದೆ. ಅನಂತರ ದೊಡ್ಡದು ಬಿಚ್ಚಿಕೊಂಡು ಪೀಠವು ಬೇರೆಯಾಗುತ್ತದೆ. ಇದೆಲ್ಲ ಕೆಲವೇ ಸೆಕೆಂಡುಗಳ ಮಾತು. ಆ ಸ್ವಲ್ಪ ಕಾಲ ಚಾಲಕನ ಬೆನ್ನುಹುರಿಯ ಮೇಲೆ ಅವನ ತೂಕದ ಹನ್ನೆರಡರಿಂದ ಇಪ್ಪತ್ತರಷ್ಟು ಭಾರವು ಬೀಳುವುದರಿಂದ, ಬದುಕಿ ಬಂದವರಲ್ಲಿಯೂ ಬೆನ್ನುಮೂಳೆ ಜಜ್ಜಿದವರು ಅನೇಕರಿರುತ್ತಾರೆ. 1961ರ ಹೊತ್ತಿಗೆ ನೆಲದ ಮೇಲೆ ನಿಂತ ವಿಮಾನದಿಂದಲೂ ಹಾರಿಸಬಲ್ಲ ಪೀಠವು ಸಿದ್ಧವಾಯಿತು. ಅದನ್ನು ‘ಸೊನ್ನೆ ಎತ್ತರ, ಸೊನ್ನೆ ವೇಗ’ದ ಪೀಠವೆನ್ನುತ್ತಾರೆ. ಈ ಹೆಸರು ಸ್ವಲ್ಪ ಮೋಸಗೊಳಿಸತಕ್ಕದ್ದು. ವಿಮಾನವು ಸಮವಾಗಿ ನಿಂತಿದ್ದರೆ ಮಾತ್ರ ಸೊನ್ನೆ ಎತ್ತರ ಸಾಕು. ವಿಮಾನವೇ ರಭಸದಿಂದ ನೆಲದ ಕಡೆಗೆ ಬೀಳುತ್ತಿದ್ದರೆ, ಇಲ್ಲವೆ ಮಗ್ಗುಲಾಗಿದ್ದರೆ, ಪೀಠವು ಗಳಿಸುವ ಎತ್ತರವನ್ನು ಬೀಳುವ ವೇಗವು ನುಂಗಿಬಿಡುತ್ತದೆ. 2019ರ ಫೆಬ್ರವರಿ 1ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದಲ್ಲಿ ಮಿರಾಜ್ ವಿಮಾನವೊಂದು ಹೊರಡುವ ಹಂತದಲ್ಲಿಯೇ ಅಪಘಾತಕ್ಕೀಡಾದಾಗ ಇಬ್ಬರು ಚಾಲಕರೂ ಹೊರಚಿಮ್ಮಿದರು, ಇಬ್ಬರೂ ಉಳಿಯಲಿಲ್ಲ. ಅದೇ ತಿಂಗಳ 19ರಂದು ಯಲಹಂಕದ ಮೇಲೆ ಎರಡು ಹಾಕ್ ವಿಮಾನಗಳು ಒಂದಕ್ಕೊಂದು ತಾಕಿದಾಗ ಮೂವರಲ್ಲಿ ಇಬ್ಬರು ಬದುಕಿದರು. ತೇಜಸ್ ವಿಮಾನದ ವಿಷಯದಲ್ಲಿಯೂ, 2024ರ ಮಾರ್ಚಿಯಲ್ಲಿ ಜೈಸಲ್ಮೇರಿನ ಬಳಿ ಚಾಲಕನು ಪಾರಾದನು. 2025ರ ನವೆಂಬರಿನಲ್ಲಿ ದುಬೈಯ ಪ್ರದರ್ಶನದಲ್ಲಿ ಪಾರಾಗಲಿಲ್ಲ.

ಹೆಲಿಕಾಪ್ಟರಿನಲ್ಲಿಯೂ ಇಂಥ ಪೀಠವನ್ನಿಟ್ಟರೆ ಆಗದೆ ಎಂಬ ಪ್ರಶ್ನೆ ಏಳಬಹುದು. ಮೇಲಕ್ಕೆ ಹಾರಿದವನು ನೇರವಾಗಿ ತಿರುಗುವ ಅಲಗುಗಳಿಗೆ ಸಿಕ್ಕುವನಷ್ಟೆ. ರಷ್ಯದ ಕಾಮೋವ್ ಸಂಸ್ಥೆಯವರು ತಮ್ಮ ಕಾ-50 ಮತ್ತು ಕಾ-52 ಎಂಬ ಯುದ್ಧಹೆಲಿಕಾಪ್ಟರುಗಳಲ್ಲಿ ಇದಕ್ಕೂ ಉಪಾಯ ಮಾಡಿದರು: ಮೊದಲು ಮದ್ದಿನಿಂದ ಅಲಗುಗಳನ್ನೇ ಬುಡದಲ್ಲಿ ಕತ್ತರಿಸಿ ಎಸೆದು, ಆಮೇಲೆ ರಾಕೆಟ್ಟಿನಿಂದ ಚಾಲಕನನ್ನು ಎಳೆದುಕೊಳ್ಳುವುದು. ಇತರರು ಇದನ್ನು ಅನುಸರಿಸಲಿಲ್ಲ. ತೂಕವೂ ತೊಡಕೂ ಒಂದು ಕಾರಣ. ಮತ್ತೊಂದು ಕಾರಣವು ನನಗೆ ಹೆಚ್ಚಿನದಾಗಿ ತೋರುತ್ತದೆ: ಹೆಲಿಕಾಪ್ಟರುಗಳಲ್ಲಿ ಬಹುಪಾಲು ಜನರನ್ನು ಸಾಗಿಸತಕ್ಕವು, ಬೆನ್ನ ಹಿಂದೆ ಹತ್ತು ಹನ್ನೆರಡು ಮಂದಿ ಸೈನಿಕರೋ ಗಾಯಾಳುಗಳೋ ಕುಳಿತಿರುವಾಗ ಅಲಗುಗಳನ್ನು ಕತ್ತರಿಸಿ ತಾನೊಬ್ಬನೇ ಹೊರಡುವ ಸಾಧನವನ್ನು ಚಾಲಕನ ಕೈಗೆ ಕೊಡುವುದು ಎಂಥ ಕೆಲಸ?

ಹೀಗಾಗಿ ಹೆಲಿಕಾಪ್ಟರಿನ ರಚನಾಕಾರರು ಹೊರಡುವ ದಾರಿಯನ್ನು ಬಿಟ್ಟು, ಬಿದ್ದರೂ ಒಳಗಿನವರು ಉಳಿಯುವಂತೆ ಯಂತ್ರವನ್ನು ಕಟ್ಟುವ ಕಡೆಗೆ ಗಮನ ಕೊಟ್ಟರು. ಇದಕ್ಕೆ ಪಾಠಶಾಲೆಯಾದದ್ದು ವಿಯೆಟ್ನಾಂ ಯುದ್ಧ. ಅಮೆರಿಕದವರು ಅಲ್ಲಿ ಸುಮಾರು 12,000 ಹೆಲಿಕಾಪ್ಟರುಗಳನ್ನು ಉಪಯೋಗಿಸಿ, ಸುಮಾರು 5,000ವನ್ನು ಕಳೆದುಕೊಂಡರು. ಬೀಳುವ ಪೆಟ್ಟನ್ನು ತಾಳಿಕೊಂಡವರು ಸಹ ಬಳಿಕ ಇಂಧನಕ್ಕೆ ಬೆಂಕಿ ಹತ್ತಿ ಸಾಯುತ್ತಿದ್ದುದು ಲೆಕ್ಕ ತೆಗೆದಾಗ ತಿಳಿಯಿತು. 1970ರಿಂದ ಹರಿಯದ ತೊಟ್ಟಿಗಳನ್ನೂ, ಎಳೆದಾಗ ಸೋರದೆ ತಾನೇ ಮುಚ್ಚಿಕೊಳ್ಳುವ ಕೊಳವೆಯ ಬೆಸುಗೆಗಳನ್ನೂ ಜೋಡಿಸಿದರು. ಅಂಥ ಯಂತ್ರಗಳಲ್ಲಿ, ಪೆಟ್ಟಿನಿಂದ ಉಳಿಯಬಹುದಾದ ಅಪಘಾತಗಳಲ್ಲಿ ಸುಟ್ಟು ಸಾಯುವುದು ಬಹುತೇಕ ನಿಂತುಹೋಯಿತು. ಯುದ್ಧವಿಮಾನದ ಪೀಠದಷ್ಟು ಬೆರಗನ್ನು ಹುಟ್ಟಿಸದಿದ್ದರೂ ಇದು ಅದಕ್ಕೇನೂ ಕಡಮೆಯ ಸಾಧನೆಯಲ್ಲ.

ಮುಂದಿನ ಪ್ರಶ್ನೆ ಪೆಟ್ಟಿನದು. ಅಮೆರಿಕದ ಸೇನೆಯು 1970ರ ದಶಕದಲ್ಲಿ ವಿಧಿಸಿದ ನಿಯಮದಂತೆ, ಸೆಕೆಂಡಿಗೆ 12.8 ಮೀಟರು ವೇಗದಿಂದ ನೆಟ್ಟಗೆ ಬಿದ್ದರೂ ಒಳಗಿನವರು ಉಳಿಯಬೇಕು. ಎಂಟು ಮೀಟರಿಗೂ ಮಿಗಿಲಾದ ಎತ್ತರದಿಂದ ಬಿದ್ದ ವಸ್ತುವಿಗೆ ಇರುವ ವೇಗ ಇದು. ಹತ್ತು ಸೆಂಟಿಮೀಟರಿನೊಳಗೆ ಈ ವೇಗವನ್ನು ತಡೆದರೆ ದೇಹದ ಮೇಲೆ ಅದರ ತೂಕದ ಎಂಬತ್ತರಷ್ಟಕ್ಕೂ ಹೆಚ್ಚಿನ ಭಾರ ಬೀಳುವುದು, ಅದನ್ನು ತಾಳುವವರಿಲ್ಲ. ತಡೆಯುವ ದೂರವನ್ನು ಸುಮಾರು ಅರುವತ್ತು ಸೆಂಟಿಮೀಟರಿಗೆ ಹೆಚ್ಚಿಸಿದರೆ ಭಾರವು ಹದಿನಾಲ್ಕು ಹದಿನೈದರಷ್ಟಕ್ಕೆ ಇಳಿಯುತ್ತದೆ. ಇದನ್ನು ಬೆನ್ನುಮೂಳೆಯು ತಾಳಬಲ್ಲದು. ಆ ಅರುವತ್ತು ಸೆಂಟಿಮೀಟರುಗಳನ್ನು ಮೂವರಿಗೆ ಹಂಚಿದ್ದಾರೆ: ಮೊದಲು ಕಾಲುಗಳು ಕುಸಿಯುತ್ತವೆ, ಆಮೇಲೆ ಹೊಟ್ಟೆಯ ತಗಡು ನುಗ್ಗಾಗುತ್ತದೆ, ಕೊನೆಗೆ ಪೀಠವು ತನ್ನ ಕಂಬಗಳ ಮೇಲೆ ಬಿಗಿಯಾಗಿ ಜಾರುತ್ತ ಕೆಳಗಿಳಿಯುತ್ತದೆ. 2022ರ ಅಕ್ಟೋಬರಿನಲ್ಲಿ ವಾಯುಸೇನೆಯನ್ನು ಸೇರಿದ, ಬೆಂಗಳೂರಿನಲ್ಲಿ ರಚಿತವಾದ ‘ಪ್ರಚಂಡ’ ಹೆಲಿಕಾಪ್ಟರಿನ ಕಾಲುಗಳಲ್ಲಿಯೂ ಈ ಗುಣವುಂಟು.

ಈ ರಕ್ಷಣೆಗೂ ಒಂದು ಎಲ್ಲೆಯಿದೆ. ಸ್ವಯಂಭ್ರಮಣವು ಎಂಜಿನಿಲ್ಲದೆ ನಡೆಯುತ್ತದೆ, ಹತೋಟಿಯಿಲ್ಲದೆ ನಡೆಯದು. ಚಾಲಕನ ಕೈಯ ಕದಲಿಕೆಯು ತಿರುಗುವ ಅಲಗುಗಳಿಗೆ ತಲಪುವುದು ಸ್ವಾಷ್‌ಪ್ಲೇಟು ಎಂಬ ಜೋಡಿ ತಟ್ಟೆಗಳ ಮೂಲಕ. ಕೆಳಗಿನ ತಟ್ಟೆಯು ತಿರುಗದೆ ಚಾಲಕನ ಕೋಲುಗಳಿಗೆ ಅಂಟಿಕೊಂಡಿದೆ. ಮೇಲಿನದು ರೋಟರಿನೊಡನೆ ತಿರುಗುತ್ತ ಅಲಗುಗಳ ಓರೆಯನ್ನು ಬದಲಾಯಿಸುತ್ತದೆ. ಇದು ಮುರಿದರೆ ಎಷ್ಟು ಎತ್ತರವಿದ್ದರೂ ಎಷ್ಟು ಕುಶಲತೆಯಿದ್ದರೂ ನಿಷ್ಪ್ರಯೋಜಕ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ‘ಧ್ರುವ’ ಹೆಲಿಕಾಪ್ಟರು ಬಿದ್ದು ಮೂವರು ಮಡಿದಾಗ ವಿಚಾರಣೆಯಲ್ಲಿ ಕಂಡುಬಂದದ್ದು ಈ ತಟ್ಟೆಯ ಬಿರುಕೇ. ದೇಶದ ಧ್ರುವಗಳೆಲ್ಲ ನೆಲದ ಮೇಲೆ ನಿಂತವು. ಮೇ ತಿಂಗಳಲ್ಲಿ ಭೂಸೇನೆ ಮತ್ತು ವಾಯುಸೇನೆಗಳ ಯಂತ್ರಗಳಿಗೆ ಹಂತಹಂತವಾಗಿ ಹಾರಲು ಅಪ್ಪಣೆಯಾಯಿತು. ಒಂದು ಬಿಡಿಭಾಗಕ್ಕಾಗಿ ಇಡೀ ಪಡೆಯನ್ನು ನಿಲ್ಲಿಸಬೇಕೆ ಎಂದು ಆಗ ಕೇಳಿದವರುಂಟು; ಬದಲಿಯಿಲ್ಲದ ಭಾಗವು ಯಾವುದು ಎಂಬುದನ್ನು ಅರಿತವರು ಹಾಗೆ ಕೇಳಲಾರರು.

ಬಿಡುವುದೋ ಹಿಡಿಯುವುದೋ ಎಂದು ನಿಶ್ಚಯಿಸುವುದಕ್ಕೆ ಆಪತ್ತು ಬಂದಿದೆಯೆಂಬ ಅರಿವಾದರೂ ಇರಬೇಕು. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಅವರಿದ್ದ ಎಂಐ-17 ಹೆಲಿಕಾಪ್ಟರು ಬಿದ್ದು ಹದಿನಾಲ್ಕು ಮಂದಿ ತೀರಿಕೊಂಡರು. ಅವರಲ್ಲಿ ಕೊನೆಯವರು ಒಂದು ವಾರದ ಬಳಿಕ ಬೆಂಗಳೂರಿನ ಸೈನಿಕ ಆಸ್ಪತ್ರೆಯಲ್ಲಿ ಮಡಿದರು. ವಿಚಾರಣೆ ನಡೆಸಿದವರು ಯಂತ್ರದಲ್ಲಿ ದೋಷವನ್ನು ಕಾಣಲಿಲ್ಲ. ಕಣಿವೆಯ ಹವೆಯು ಅನಿರೀಕ್ಷಿತವಾಗಿ ಬದಲಾಗಿ ಯಂತ್ರವು ಮೋಡವನ್ನು ಹೊಕ್ಕು, ಚಾಲಕನಿಗೆ ದಿಗ್ಭ್ರಮೆಯಾಗಿ, ಹತೋಟಿಯಲ್ಲಿದ್ದ ಯಂತ್ರವೇ ಬೆಟ್ಟಕ್ಕೆ ತಾಕಿತೆಂದು ಅವರು ತೀರ್ಮಾನಿಸಿದರು. ನಮ್ಮ ಒಳಗಿವಿಯ ನಾಳಗಳಲ್ಲಿರುವ ದ್ರವವು ತಿರುಗುವಿಕೆಯನ್ನು ಮೊದಲು ತಿಳಿಸುತ್ತದೆ; ಆದರೆ ಅದೇ ವೇಗದಿಂದ ಹತ್ತಿಪ್ಪತ್ತು ಸೆಕೆಂಡು ತಿರುಗುತ್ತಲೇ ಇದ್ದರೆ ದ್ರವವೂ ಕೂಡಿ ತಿರುಗಿ, ನೆಟ್ಟಗಿದ್ದೇವೆಂಬ ಭಾವನೆ ಹುಟ್ಟುತ್ತದೆ. ಆಮೇಲೆ ನಿಜವಾಗಿಯೂ ನೆಟ್ಟಗಾದರೆ ಎದುರು ದಿಕ್ಕಿಗೆ ತಿರುಗಿದಂತೆ ತೋರುತ್ತದೆ. ಕಣ್ಣಿಗೆ ದಿಗಂತವು ಕಾಣುವವರೆಗೆ ಈ ಭ್ರಮೆಯಿಂದ ಕೆಡುಕಿಲ್ಲ. ಮೋಡದಲ್ಲಿ ಕಣ್ಣಿಗೆ ಏನು ಕಾಣುವುದು? ಬೆಂಗಳೂರಿನ ವೈಮಾನಿಕ ವೈದ್ಯಸಂಸ್ಥೆಯಲ್ಲಿ (ಇದು 1957ರಲ್ಲಿ ಸ್ಥಾಪಿತವಾಯಿತು) ಈ ಭ್ರಮೆಯನ್ನು ನೆಲದ ಮೇಲೆಯೇ ಅನುಭವಕ್ಕೆ ತರುವ ಯಂತ್ರವುಂಟು. ಚಾಲಕನನ್ನು ಅದರಲ್ಲಿ ಕೂರಿಸಿ ತಿರುಗಿಸಿ, ತನ್ನ ದೇಹವು ಹೇಳುವುದೂ ಮುಂದಿರುವ ಮುಳ್ಳುಗಳು ತೋರಿಸುವುದೂ ಬೇರೆಬೇರೆಯಾದಾಗ ಮುಳ್ಳುಗಳನ್ನೇ ನಂಬಿ ಕೈಯಾಡಿಸುವುದನ್ನು ಅಲ್ಲಿ ಅವನಿಗೆ ರೂಢಿಮಾಡಿಸುತ್ತಾರೆ.